ನಲವತ್ತೈದನೆಯ ಸಾಲು

ಸೋಮವಾರ ಬೆಳಗ್ಗೆ ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಒಳಗಿನಿಂದ ಮೇಷ್ಟ್ರ ಕೂಗು ಬಂತು.

"ಘಟ್ಟಮ್ಮ, ಬಾ ಇಲ್ಲಿ. ಇದೇನಿದು ಅಕ್ಷರ ಹಿಂಗೆ ಬಂದಾವೆ? ಒಂದು ಸಾಲು ಕಡ್ಡಿ ಹಂಗೆ, ಇನ್ನೊಂದು ಒನಕೆ ಹಂಗೆ! ಸಂಜೆ ಐದಕ್ಕೆ ಪಟ್ಟಿ ಬೋರ್ಡಿಗೆ ಹಚ್ಚಬೇಕು. ಎಲ್ಲಾ ಒಂದೇ ಸಮ ಮಾಡು."

ನಾನು ಹೊಡೆದ ಕಾಗದಕ್ಕೆ ಯಾರಾದರೂ ಹೆಸರಿಟ್ಟರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಹತ್ತು ವರ್ಷ ಟೈಪ್ ಹೊಡೆದವಳು ನಾನು. ನನ್ನ ಕಾಗದದಲ್ಲಿ ಒಂದೇ ಒಂದು ತಪ್ಪು ತೋರಿಸಿ ನೋಡೋಣ ಎಂದು ಚನ್ನಗಿರಿಯ ವಕೀಲರ ಮುಂದೆಯೇ ಸವಾಲು ಹಾಕಿದವಳು.

"ಶನಿವಾರ ಸಂಜೆ ಸರಿಯಾಗೇ ಇತ್ತು ಸಾರ್. ನಾನೇ ಕಣ್ಣಾರೆ ನೋಡಿ ಮುಚ್ಚಿ ಹೋಗೀನಿ."

"ಸರಿಯಾಗಿದ್ರೆ ಈಗ್ಯಾಕೆ ಹಿಂಗೈತೆ?" ಎಂದರು ಮೇಷ್ಟ್ರು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ.

ನನ್ನ ಪೂರ್ತಿ ಹೆಸರು ಅಂತರಘಟ್ಟಮ್ಮ, ಮನೆಯವರ ಬಾಯಲ್ಲಿ ಅಂತ್ರಿ, ಊರು ತ್ಯಾವಣಿಗೆ. ಮೇಷ್ಟ್ರು ಅಂದರೆ ಮಹೇಶ್ವರಪ್ಪನವರು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟು. ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಫೀಸಿಲ್ಲದೆ ಕಲಿಸಿ, ಅಲ್ಲೇ ಕೆಲಸವನ್ನೂ ಕೊಟ್ಟವರು ಅವರು. ಎಂಬತ್ತೊಂಬತ್ತನೇ ಇಸವಿಯಲ್ಲಿ ಹನ್ನೆರಡು ಟೈಪ್‌ರೈಟರುಗಳ ನಡುವೆ ಒಂದು ಕನ್ನಡ ಕಂಪ್ಯೂಟರ್ ತಂದು ಕೂರಿಸಿದರು. ಹಸಿರು ಅಕ್ಷರದ ಪರದೆ, ಪಕ್ಕದಲ್ಲಿ ಕಿರ್ರೆಂದು ಕಿರುಚುವ ಪ್ರಿಂಟರು. ಮೇಷ್ಟ್ರಿಗೆ ಅದರಲ್ಲಿ ನಾಲ್ಕು ಸಾಲು ಹೊಡೆದು ಪ್ರಿಂಟ್ ತೆಗೆಯುವಷ್ಟು ಮಾತ್ರ ಬರುತ್ತಿತ್ತು. ಹಾಗಾಗಿ ಯಂತ್ರ ಅವರದು, ಕೆಲಸ ನನ್ನದು.

ಆ ಪಟ್ಟಿ ಕಾಯಕಜೀವಿ ಗೃಹ ನಿರ್ಮಾಣ ಸಂಘದ್ದು. ಅಡಿಕೆ ಸುಲಿಯುವ ಹೆಂಗಸರು, ಹಮಾಲರು, ಗಾಡಿ ಹೊಡೆಯುವವರು ಸೇರಿ ಕಟ್ಟಿದ ಸಂಘ. ಎಂಟು ವರ್ಷ ಅರ್ಜಿ ಹಿಡಿದು ಓಡಾಡಿದ ಮೇಲೆ ಹೊನ್ನಾಳಿ ರಸ್ತೆಯಲ್ಲಿ ನಲವತ್ತೆಂಟು ಸೈಟು ಬಂದಿತ್ತು. ಮೊದಲು ಸದಸ್ಯರಾದವರಿಗೆ ಮೊದಲು ಎಂದು ತೀರ್ಮಾನವಾಗಿ, ಸಭೆಯಲ್ಲಿ ಒಂದರಿಂದ ನಲವತ್ತೆಂಟರವರೆಗೆ ಹೆಸರುಗಳನ್ನು ಓದಿ ಹೇಳಿದ್ದರು. ಓದಲು ಬಾರದವರು ತಮ್ಮ ನಂಬರನ್ನಷ್ಟೇ ಬಾಯಿಪಾಠ ಮಾಡಿಕೊಂಡು ಹೋಗಿದ್ದರು, ಪಕ್ಕದವರದು ಕೇಳಿಸಿಕೊಂಡವರಿಲ್ಲ. ಅದೇ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹೊಡೆದು ಬೋರ್ಡಿಗೆ ಹಚ್ಚಿಬಿಟ್ಟರೆ ಮುಗಿಯಿತು, ಅದೇ ಕೊನೆ.

ಕಂಪ್ಯೂಟರಿನಲ್ಲೇ ಆಗಬೇಕೆಂದು ಹಟ ಹಿಡಿದವನು ಸಂಘದ ಕಾರ್ಯದರ್ಶಿ ಜಯದೇವಪ್ಪ. ಕೈಬರಹದ ಪಟ್ಟಿಯಾದರೆ ಜನ ಜಗಳಕ್ಕೆ ಬರುತ್ತಾರೆ, ಕಂಪ್ಯೂಟರ್ ಕಾಗದ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ನನ್ನೆದುರಿಗೇ ನಕ್ಕಿದ್ದ. ಅವನ ಮಾತು ಸುಳ್ಳಲ್ಲ. ಆ ಯಂತ್ರವೇ ಯೋಚನೆ ಮಾಡಿ ಹೆಸರು ಆರಿಸುತ್ತದೆ ಎಂದು ನಂಬಿದವರು ಆಗ ನಮ್ಮ ಕಡೆ ಬಹಳ ಮಂದಿ ಇದ್ದರು.

ಸರಿ, ಯಂತ್ರದ ಮುಂದೆ ಕೂತೆ. ನಲವತ್ತೆಂಟು ಸಾಲುಗಳಲ್ಲಿ ನಲವತ್ತೊಂದು ತೆಳ್ಳಗೆ, ಚೆಂದವಾಗಿ ಇದ್ದವು. ನಲವತ್ತೆರಡರಿಂದ ಕೊನೆಯವರೆಗಿನ ಏಳು ಸಾಲು ದಪ್ಪಕ್ಕೆ, ಕಪ್ಪಗೆ ಉಬ್ಬಿಕೊಂಡಿದ್ದವು. ವೈರು ಬಿಚ್ಚಿ ಮತ್ತೆ ಸಿಕ್ಕಿಸಿದೆ. ಫ್ಲಾಪಿ ತೆಗೆದು ಒರೆಸಿ ಹಾಕಿದೆ. ಪ್ರಿಂಟರಿನ ರಿಬ್ಬನ್ ತಿರುಗಿಸಿ ಹಾಕಿದೆ. ಹೊಸದಾಗಿ ನಾಲ್ಕು ಸಾಲು ಹೊಡೆದು ನೋಡಿದರೆ ಅವು ಸರಿಯಾಗೇ ಬಂದವು. ಆ ಏಳು ಮಾತ್ರ ಜಪ್ಪಯ್ಯ ಅಂದರೂ ಹಾಗೇ ಇದ್ದವು.

ಎದ್ದು ಪಕ್ಕದ ಔಷಧಿ ಅಂಗಡಿಗೆ ಹೋಗಿ, ಯಂತ್ರ ಕೂರಿಸಿಕೊಟ್ಟಿದ್ದ ದಾವಣಗೆರೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಅದು ಕೆಟ್ಟಿಲ್ಲ ಮೇಡಂ" ಎಂದ ಅವನು. "ಯಾವ ಸಾಲು ಯಾವ ಅಕ್ಷರದಾಗೆ ಹೊಡೆದ್ರೋ ಅದನ್ನ ಹಂಗೇ ನೆನಪಿಟ್ಕಂತೈತೆ. ಆ ಸಾಲಿನ ಮ್ಯಾಲೆ ನಿಂತು ಅಕ್ಷರ ಬದಲ್ಸೋ ಎರಡು ಕೀ ಒತ್ರಿ, ತೆಳ್ಳಗಾಗ್ತೈತೆ. ಅಷ್ಟಕ್ಕ್ಯಾಕೆ ಗಾಬರಿ?"

ಗಾಬರಿಯಾಗಿದ್ದು ಆಗ ಅಲ್ಲ, ಫೋನ್ ಇಟ್ಟ ಮೇಲೆ. ಆ ಯಂತ್ರ ಶುರುವಾಗುವುದೇ ದಪ್ಪ ಅಕ್ಷರದಲ್ಲಿ. ದಪ್ಪ ಅಕ್ಷರ ರಿಬ್ಬನ್ ತಿನ್ನುತ್ತದೆ, ರಿಬ್ಬನ್ ತರಲು ದಾವಣಗೆರೆಗೇ ಹೋಗಬೇಕು. ಹಾಗಾಗಿ ನಾನು ದಿನಾ ಬೆಳಗ್ಗೆ ಮೊದಲು ಆ ಎರಡು ಕೀ ಒತ್ತಿ ತೆಳು ಅಕ್ಷರಕ್ಕೆ ಬದಲಾಯಿಸಿಯೇ ಕೆಲಸ ಶುರು ಮಾಡುತ್ತಿದ್ದೆ. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಅಂದರೆ ಆ ಏಳು ಸಾಲು ನಾನು ಹೊಡೆದದ್ದಲ್ಲ. ಭಾನುವಾರ ಯಾರೋ ಬಂದು ನನ್ನ ಏಳು ಸಾಲು ಅಳಿಸಿ, ಅಲ್ಲಿ ಬೇರೆ ಏಳು ಹೆಸರು ಕೂರಿಸಿದ್ದರು. ಇನ್‌ಸ್ಟಿಟ್ಯೂಟಿನ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ನಾನು ಭಾನುವಾರ ತ್ಯಾವಣಿಗೆಯಲ್ಲಿದ್ದೆ.

ನಾನು ಹೊಡೆದಿದ್ದ, ಈಗ ಅಳಿಸಿಹೋದ ಹೆಸರು ಯಾವುವು? ದೇವರಾಣೆಗೂ ನನಗೆ ನೆನಪಿರಲಿಲ್ಲ. ಇದನ್ನು ಟೈಪ್ ಕಲಿಯದವರು ನಂಬುವುದಿಲ್ಲ. ಮೇಷ್ಟ್ರು ನಮಗೆ ಮೊದಲ ದಿನವೇ ಹೇಳಿಕೊಡುತ್ತಿದ್ದದ್ದು ಒಂದೇ ಮಾತು, "ಓದಬ್ಯಾಡ, ಹೊಡಿ." ಓದುತ್ತಾ ಹೊಡೆದರೆ ಬೆರಳು ತಡವರಿಸುತ್ತದೆ, ಮನಸ್ಸು ತನ್ನದೇ ಅಕ್ಷರ ಸೇರಿಸುತ್ತದೆ ಎನ್ನುತ್ತಿದ್ದರು. ಯಾರಾದರೂ ತುಟಿ ಅಲ್ಲಾಡಿಸಿದರೆ ಬೆರಳ ಗಂಟಿನ ಮೇಲೆ ರೂಲುದೊಣ್ಣೆ ಬೀಳುತ್ತಿತ್ತು. ನಾನು ಅವರ ಒಳ್ಳೆಯ ಶಿಷ್ಯೆ. ಕೋರ್ಟಿನ ಕಾಗದ, ಮದುವೆಯ ಕಾಗದ, ಸತ್ತವರ ಕಾಗದ, ಯಾವುದನ್ನೂ ಓದದೆ ಹೊಡೆದವಳು. ಮೂಲ ಹಸ್ತಪ್ರತಿಯನ್ನು ಜಯದೇವಪ್ಪ ಶನಿವಾರವೇ ಎತ್ತಿಕೊಂಡು ಹೋಗಿದ್ದ. ಸಂಘದ ರಿಜಿಸ್ಟರು ಆಡಿಟ್‌ಗೆಂದು ಶಿವಮೊಗ್ಗಕ್ಕೆ ಹೋಗಿದೆ ಎಂದೂ ಹೇಳಿದ್ದ. ಉಳಿದ ಸಾಕ್ಷಿ ಅಂದರೆ ಆ ದಪ್ಪ ಅಕ್ಷರ ಒಂದೇ. ಅದನ್ನೇ ಸರಿಮಾಡು ಎಂದು ನನ್ನನ್ನು ಕೂರಿಸಿದ್ದರು.

ವಾಪಸು ಬಂದು ಮೊದಲ ಸಲ ಆ ಏಳು ಹೆಸರುಗಳನ್ನು ಓದಿದೆ. ನಲವತ್ತೆರಡು, ಮೇಷ್ಟ್ರ ಅಳಿಯ. ನಲವತ್ಮೂರು, ನಲವತ್ನಾಲ್ಕು, ಜಯದೇವಪ್ಪನ ಭಾವಮೈದುನರು; ಒಂದು ಅಡಿಕೆಯನ್ನೂ ಸುಲಿಯದ, ಒಂದು ಮೂಟೆಯನ್ನೂ ಹೊರದ ಜನ. ಕೊನೆಯ ಮೂರೂ ಅಂಥವರವೇ. ನಲವತ್ತೈದು, ಹೊನ್ನೂರಮ್ಮ ಕೋಂ ಮುರುಗೇಶಪ್ಪ.

ಹೊನ್ನೂರಮ್ಮ ನನ್ನ ಒಡಹುಟ್ಟಿದ ಅಕ್ಕ.

ಅಕ್ಕ ಅಡಿಕೆ ಸುಲಿಯುವವಳು. ಗಂಡ ಅನ್ನಿಸಿಕೊಂಡವನು ಲಾರಿ ಹತ್ತಿ ಹೋಗಿ ಆರು ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಒಂದು ಹೋಟೆಲಿನ ಹಿಂದಿನ ಸೌದೆ ಕೋಣೆಯಲ್ಲಿ ಇದ್ದಳು. ದೊಡ್ಡವಳು ಆ ವರ್ಷ ಮೈನೆರೆದಿದ್ದಳು, ಆ ಕೋಣೆಗೆ ಒಳಗಿನ ಚಿಲಕವೂ ಇರಲಿಲ್ಲ. ಅಕ್ಕನೂ ಸಂಘದ ಸದಸ್ಯಳೇ. ಆದರೆ ತಡವಾಗಿ ಸೇರಿದ್ದರಿಂದ ಅವಳ ನಂಬರು ಅರವತ್ತೊಂದು. ಅದು ನಮ್ಮಿಬ್ಬರಿಗೆ ಮತ್ತು ರಿಜಿಸ್ಟರಿಗೆ ಮಾತ್ರ ಗೊತ್ತಿದ್ದ ಸಂಗತಿ.

ಪರದೆ ಹಾಗೇ ಬಿಟ್ಟು ಮೇಷ್ಟ್ರ ಮೇಜಿನ ಮುಂದೆ ಹೋಗಿ ನಿಂತೆ. "ಸಾರ್, ನಿನ್ನೆ ನೀವು ಬಂದಿದ್ರಾ?"

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ನಿನಗೆ ಏನು ಹೇಳಿಕೊಟ್ಟೀನಿ ನಾನು? ಓದಬ್ಯಾಡ ಅಂತ ಹೇಳಿಕೊಟ್ಟಿಲ್ವಾ?"

"ಹೇಳಿಕೊಟ್ಟೀರಿ ಸಾರ್. ಇವತ್ತು ಓದಿಬಿಟ್ಟೆ."

"ಓದಿದ್ರೆ ನಿಮ್ಮಕ್ಕನ ಹೆಸರೂ ಕಂಡಿರಬೇಕಲ್ಲ." ಅವರ ದನಿ ಇಳಿಯಿತು. "ಜಯದೇವಪ್ಪ ಆರು ಹೆಸರು ತಂದಿದ್ದ. ಏಳನೇದು ನಾನು ಜಗಳ ಆಡಿ ಹಾಕ್ಸೀನಿ. ನನ್ನ ಕೈಲಿ ಬೆಳೆದ ಹುಡುಗಿ, ಅವಳ ಮನೇಗೂ ಒಂದು ಆಗ್ಲಿ ಅಂತ. ಇದರಾಗೆ ನನ್ನ ತಪ್ಪೇನೈತೆ ಹೇಳು?"

ಕಿರುಚಬೇಕು ಎಂದುಕೊಂಡೇ ಹೋಗಿದ್ದೆ. ಕಳ್ಳತನ ಮಾಡಿದವರನ್ನು ಬೈಯಬಹುದು. ಕಳ್ಳತನದಲ್ಲಿ ನಮಗೂ ಪ್ರೀತಿಯಿಂದ ಒಂದು ಪಾಲು ಎತ್ತಿಟ್ಟವರನ್ನು ಹೇಗೆ ಬೈಯುವುದು? ಅವರು ಊಟಕ್ಕೆಂದು ಕೊಡೆ ಹಿಡಿದು ಎದ್ದರು. ಜಯದೇವಪ್ಪ ನಾಲ್ಕೂವರೆಗೆ ಬರುತ್ತಾನೆ, ಅಷ್ಟರಲ್ಲಿ ತೆಗೆದಿಡು ಎಂದು ಹೇಳಿ ಹೋದರು.

ಒಂದು ಗಂಟೆಗೆ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಫ್ಲಾಪಿಯಲ್ಲಿ ಪಟ್ಟಿ ಇದೆ, ಹೆದರುವಂಥದ್ದಿಲ್ಲ ಎಂದು ಗೊತ್ತಿದ್ದರೂ ಫ್ಲಾಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಆಗಲೇ ಬಾಗಿಲಲ್ಲಿ ಅಕ್ಕ ಬಂದು ನಿಂತಳು. ಅವಳ ಜೊತೆಗೆ ಗಿಡ್ಡಮ್ಮಜ್ಜಿ.

ಗಿಡ್ಡಮ್ಮಜ್ಜಿಗೆ ಅರವತ್ತೈದು ದಾಟಿತ್ತು. ಸುಲಿಯುವ ಮನೆಯಲ್ಲಿ ಅಕ್ಕನ ಪಕ್ಕಕ್ಕೇ ಕೂರುತ್ತಿದ್ದಳು. ಅಡಿಕೆ ಸುಲಿದು ಸುಲಿದು ಅವಳ ಬೆರಳುಗಳು ಮೂರು ಗೆಣ್ಣಿನವರೆಗೂ ಕಪ್ಪಾಗಿದ್ದವು. ಯಾರದೋ ಕೊಟ್ಟಿಗೆಯ ಒಂದು ಮೂಲೆಯಲ್ಲಿ ದನಗಳ ಜೊತೆ ಮಲಗುತ್ತಿದ್ದಳು. ಸಂಘಕ್ಕೆ ಬೀದಿ ಬೀದಿ ತಿರುಗಿ ಹೆಂಗಸರನ್ನು ಸೇರಿಸಿದವಳು ಅವಳೇ, ತಾನು ಸದಸ್ಯಳಾಗಬೇಕು ಎಂಬುದನ್ನು ಮಾತ್ರ ಸುಮಾರು ದಿನ ಮರೆತಿದ್ದಳು.

"ಯವ್ವಾ ಘಟ್ಟಮ್ಮ, ಆ ಪೆಟ್ಟಿಗೇಲಿ ನನ್ನ ಹೆಸರು ಎಲ್ಲೈತೆ ಒಂಚೂರು ತೋರ್ಸವ್ವ" ಎಂದಳು. "ನಲವತ್ತೈದು ನಂದು. ಸಭೇಲಿ ಓದಿದ್ರು. ಓದಾಕೆ ಬರದಿದ್ರೆ ಏನಾತು, ನನ್ನ ಹೆಸರು ಹೆಂಗೆ ಕಾಣ್ತೈತೆ ಅಂತ ಒಂದು ಸಲ ನೋಡಬೇಕು."

ಅಕ್ಕ ನನ್ನ ಕಡೆ ನೋಡಿದಳು.

"ಕರೆಂಟ್ ಹೋಗೈತಜ್ಜಿ. ಏನೂ ಕಾಣಲ್ಲ."

"ಹೋಗ್ಲಿ ಬಿಡು, ಸಂಜೆ ಬೋರ್ಡಿನಾಗೇ ನೋಡ್ತೀನಿ. ಹೊನ್ನೂರಿ, ನಿಂದೂ ಇರ್ತೈತೆ ಕಣೆ, ಇಬ್ರೂ ಅಕ್ಕಪಕ್ಕ ಗುಡಿಸ್ಲು ಹಾಕ್ಕಣಾನ" ಎಂದು ನಗುತ್ತಾ, ಸುಲಿಯುವ ಮನೆಗೆ ತಡವಾಯಿತೆಂದು ಅಜ್ಜಿ ಹೋದಳು. ಅಕ್ಕ ಹೋಗಲಿಲ್ಲ.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಬೆಳಿಗ್ಗೆ ಜಯದೇವಪ್ಪ ಹೇಳಿ ಕಳ್ಸಿದ್ದ, ನಿಂದು ಆಗೈತೆ, ನಲವತ್ತೈದನೇದು ಅಂತ. ಯಾರ ಜಾಗ ಅಂತ ನನಗೆ ಹೇಳಿಲ್ಲ, ಅಂತ್ರಿ. ಆಣೆಗೂ ಹೇಳಿಲ್ಲ. ಈಗ ಈ ಮುದುಕಿ ಬಾಯಾಗೆ ಕೇಳ್ದೆ."

"ನಲವತ್ತೈದೇ, ಅಕ್ಕ."

ಅಕ್ಕ ಬೆಂಚಿನ ಮೇಲೆ ಕುಸಿದು ಕೂತಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮೊನ್ನೆ ರಾತ್ರಿ ಹೋಟೆಲಿನ ಸಪ್ಲೈಯರ್ ಒಬ್ಬ ಸೌದೆ ತಗಂತೀನಿ ಅಂತ ಒಳಗೆ ಬಂದಿದ್ದ" ಎಂದಳು ಕೊನೆಗೆ. "ನಾನು ಎಚ್ಚರ ಇದ್ದೆ, ಓಡಿಸ್ದೆ. ದಿನಾ ಎಚ್ಚರ ಇರಾಕೆ ಆಗ್ತೈತೇನೆ? ಅಜ್ಜಿಗೆ ಇನ್ನೆಷ್ಟು ದಿನ ಐತೆ... ಥೂ, ಇಂಥ ಮಾತು ಆಡ್ಬಾರ್ದು. ನನ್ನ ನಾಲಿಗೆ ಬಿದ್ದು ಹೋಗ್ಲಿ. ಆದ್ರೆ ನೀನು ಏನೂ ಮಾಡೋದು ಬ್ಯಾಡ ಅಂತ್ರಿ. ಸುಮ್ನೆ ಕೂತ್ಕಂಡ್ರೆ ಸಾಕು."

ಅವಳು ಎದ್ದು, ನನ್ನ ತಲೆ ಮೇಲೆ ಒಂದು ಸಲ ಕೈಯಿಟ್ಟು ಹೋದಳು.

ಮೂರು ಗಂಟೆಯಾಯಿತು, ಕರೆಂಟ್ ಬರಲಿಲ್ಲ. ಮೂರೂವರೆಗೂ ಬರಲಿಲ್ಲ. ಬರದಿದ್ದರೆ ಸಾಕು ಅನ್ನಿಸುತ್ತಿತ್ತು. ಬಂದರೆ ಏನು ಮಾಡುವುದೆಂದು ಒಂದು ತೀರ್ಮಾನಕ್ಕೆ ಬರುವುದು, ಮರುಗಳಿಗೆ ಅದನ್ನು ಬಿಡುವುದು, ಇದೇ ಆಯಿತು. ಏಳು ಸಾಲನ್ನೂ ತೆಳ್ಳಗೆ ಮಾಡಿದರೆ ಏಳು ಮನೆಗಳ ಜಾಗ ಕಳ್ಳರ ಪಾಲಾಗುತ್ತದೆ, ಅದೂ ನನ್ನ ಕೈಯಿಂದಲೇ. ಹಾಗೇ ಬಿಟ್ಟು, ಇದು ನನ್ನ ಕೆಲಸವಲ್ಲ ಎಂದು ಊರಿಗೆಲ್ಲ ಹೇಳಿದರೆ ಅಕ್ಕನ ಹೆಸರೂ ಆ ಕಳ್ಳರ ಸಾಲಿನಲ್ಲಿ ದಪ್ಪಕ್ಕೆ ನಿಲ್ಲುತ್ತದೆ. ಸೈಟೂ ಹೋಗುತ್ತದೆ, ಮಾನವೂ ಹೋಗುತ್ತದೆ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಫ್ಯಾನು ತಿರುಗಿತು.

ಪಟ್ಟಿ ತೆರೆದೆ. ಹಾಗೇ ಬಿಡುವುದೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಪ್ರಿಂಟರಿಗೆ ಕಾಗದ ಸಿಕ್ಕಿಸಿದೆ. ಆಮೇಲೆ ನನ್ನ ಬೆರಳು ನಲವತ್ತೈದನೆಯ ಸಾಲಿಗೆ ಹೋಯಿತು. ಬೆರಳು ತಾನಾಗೇ ಹೋಯಿತು ಅಂದರೆ ಸುಳ್ಳು, ಕಳಿಸಿದವಳು ನಾನೇ. ಎರಡು ಕೀ ಒತ್ತಿದೆ. ಹೊನ್ನೂರಮ್ಮ ಕೋಂ ಮುರುಗೇಶಪ್ಪ ತೆಳ್ಳಗಾದಳು, ಮೇಲಿನ ನಲವತ್ತೊಂದು ಮಂದಿಯ ಹಾಗೇ. ಈಗ ಆರು ಸಾಲು ಮಾತ್ರ ದಪ್ಪ. ಆರು ಕಳ್ಳರು ಸಿಕ್ಕಿಬೀಳುತ್ತಾರೆ, ಆರು ಮನೆ ಉಳಿಯುತ್ತವೆ, ನನ್ನ ಅಕ್ಕನೂ ಉಳಿಯುತ್ತಾಳೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಹೋಗುವುದು ಒಬ್ಬ ಮುದುಕಿಯದು ಮಾತ್ರ ಎಂದು ಆಗ ಅಂದುಕೊಂಡದ್ದೂ ನಿಜ. ಮುಚ್ಚಿಡುವುದಿಲ್ಲ.

ಪ್ರಿಂಟರು ಕಿರುಚಿ ಮುಗಿಸಿತು. ಕಾಗದದ ಕೆಳಗೆ ಪೆನ್ನಿನಲ್ಲಿ ಬರೆದೆ: "ತೆಳು ಅಕ್ಷರದ ಹೆಸರು ನಾನು ಹೊಡೆದದ್ದು. ದಪ್ಪ ಅಕ್ಷರದ ಆರು ಹೆಸರು ನಾನು ಹೊಡೆದದ್ದಲ್ಲ. ನಾನು ಹೋದ ಮೇಲೆ ಯಾರೋ ಸೇರಿಸಿದ್ದು." ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಮೇಷ್ಟ್ರಾಗಲಿ ಜಯದೇವಪ್ಪನಾಗಲಿ ಬರುವ ಮೊದಲೇ ಅಂಟಿನ ಡಬ್ಬಿ ಹಿಡಿದು, ಬೀಗ ಹಾಕಿ ಹೊರಟೆ.

ಸಂಘದ ಬೋರ್ಡಿನ ಮುಂದೆ ಆಗಲೇ ಜನ ಸೇರಿದ್ದರು. ನಾನೇ ಹಚ್ಚಿದೆ. ಹಮಾಲರ ಮುಖಂಡ ತಿಪ್ಪೇಶಪ್ಪ ಓದು ಬಲ್ಲವನು. ಮೊದಲಿನಿಂದ ಜೋರಾಗಿ ಓದುತ್ತಾ ಬಂದು, ಕೊನೆಗೆ ನಾನು ಬರೆದ ಸಾಲುಗಳನ್ನೂ ಓದಿದ. ಆಮೇಲೆ ಗದ್ದಲ ಎದ್ದಿತು. ನಲವತ್ತೆರಡು ನಂದು, ನಲವತ್ಮೂರು ನಮ್ಮಪ್ಪಂದು ಎಂದು ಒಬ್ಬೊಬ್ಬರೇ ಮುಂದೆ ಬಂದರು.

ಜಯದೇವಪ್ಪ ಬೆವರು ಒರೆಸಿಕೊಳ್ಳುತ್ತಾ ಬಂದ. "ಏನ್ರೀ ಇದು ಗಲಾಟೆ? ಕಂಪ್ಯೂಟರ್ ಕೆಟ್ಟೈತೆ, ಅದ್ಕೆ ಅಕ್ಷರ ಹಿಂಗೆ ಬಂದಾವೆ" ಎಂದ.

"ಕೆಟ್ಟಿಲ್ಲ ರೀ" ಎಂದೆ ನಾನು, ಎಲ್ಲರಿಗೂ ಕೇಳುವಂತೆ. "ದಾವಣಗೆರೆಗೆ ಫೋನ್ ಮಾಡಿ ಕೇಳೀನಿ. ಯಾರು ಹೆಂಗೆ ಹೊಡೆದ್ರೋ ಹಂಗೇ ತೋರಿಸ್ತೈತೆ. ಬೇಕಾದ್ರೆ ಎಲ್ಲರ ಮುಂದೆ ಮಾಡಿ ತೋರಿಸ್ತೀನಿ, ಬರ್ರಿ."

ಅವನ ಮುಖ ಬಿಳಿಚಿತು. ದಪ್ಪಕ್ಷರದ ಆರು ಹೆಸರು ರದ್ದು, ನಂಬರಿನವರಿಗೇ ಸೈಟು ಎಂದು ತಿಪ್ಪೇಶಪ್ಪ ಅಲ್ಲೇ ಎಲ್ಲರ ಬಾಯಲ್ಲೂ ಹೇಳಿಸಿದ. "ಭೇಷ್ ಕಣವ್ವ, ಗಂಡೆದೆ ನಿಂದು" ಎಂದು ಯಾರೋ ನನ್ನ ಬೆನ್ನು ತಟ್ಟಿದರು. ದೂರದಲ್ಲಿ, ಗೋಡೆಗೆ ಒರಗಿ, ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಆಗ ಗಿಡ್ಡಮ್ಮಜ್ಜಿ ಜನರ ನಡುವೆ ತೂರಿಕೊಂಡು ಬೋರ್ಡಿನ ಹತ್ತಿರ ಬಂದಳು. "ತಿಪ್ಪೇಶಿ, ನನ್ನ ಹೆಸರು ಓದಿದ್ದು ಕೇಳಿಸ್ಲಿಲ್ಲ ಕಣಪ್ಪ. ನಲವತ್ತೈದು ನೋಡು."

ತಿಪ್ಪೇಶಪ್ಪ ಬೆರಳಿಟ್ಟು ನೋಡಿದ. "ನಲವತ್ತೈದು ಹೊನ್ನೂರಮ್ಮ ಅಂತ ಐತಜ್ಜಿ. ತೆಳು ಅಕ್ಷರದಾಗೇ ಐತೆ."

"ಅದೆಂಗೆ ಆಗ್ತೈತೆ? ನಲವತ್ತೈದು ನಂದು."

ನಾನು ಜಯದೇವಪ್ಪನ ಮುಖ ನೋಡಿದೆ. ಅವನು ಆಗಲೇ ನನ್ನನ್ನು ನೋಡುತ್ತಿದ್ದ. ಭಾನುವಾರ ಏಳು ಹೆಸರು ಹೊಡೆಸಿದವನಿಗೆ ಆರೇ ಯಾಕೆ ದಪ್ಪಗಿವೆ ಎಂಬುದು ಅರ್ಥವಾಗಿತ್ತು. ಅವನು ಬಾಯಿ ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ. ತುಟಿಯ ಒಂದು ತುದಿಯಲ್ಲಿ ನಕ್ಕ ಅಷ್ಟೆ.

"ಯಾಕೆ ಸುಮ್ನೆ ಜಗಳ?" ಎಂದಳು ಅಜ್ಜಿ. "ಇಲ್ಲೇ ನಿಂತಾಳಲ್ಲ ಘಟ್ಟಮ್ಮ. ಇಷ್ಟು ಮಂದಿ ದೊಡ್ಡೋರನ್ನ ಎದುರು ಹಾಕ್ಕಂಡು ನಿಜ ಹೇಳಿದಾಕಿ. ಅವಳು ಹೇಳ್ಲಿ. ಯವ್ವಾ, ಆ ಸಾಲು ನೀನು ಹೊಡೆದದ್ದಾ? ನೀನು ಹೂಂ ಅಂದ್ರೆ ನಾನು ಒಪ್ತೀನಿ."

ಇಲ್ಲ ಅಂದುಬಿಡು, ಅಂದುಬಿಡು ಎಂದು ಒಳಗಿನಿಂದ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಗೋಡೆಯ ಹತ್ತಿರ ಅಕ್ಕ ತಲೆ ಅಲ್ಲಾಡಿಸುತ್ತಿದ್ದಳು. ಹೂಂ ಅನ್ನು ಎಂದೋ, ಬೇಡ ಎಂದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ನನಗೆ ಧೈರ್ಯ ಬಂದಿಲ್ಲ.

"ಹೂಂ ಅಜ್ಜಿ" ಎಂದೆ. "ನಾನೇ ಹೊಡೆದದ್ದು."

ಗಿಡ್ಡಮ್ಮಜ್ಜಿ ಬೋರ್ಡಿನ ಕಾಗದವನ್ನು ಸ್ವಲ್ಪ ಹೊತ್ತು ನೋಡಿದಳು. ಓದಲು ಬಾರದ ಕಣ್ಣಿಗೆ ಅಲ್ಲಿ ಏನು ಕಂಡಿತೋ.

"ಹಂಗಾರೆ ನಾನೇ ಮರ್ತಿರಬೇಕು. ವಯಸ್ಸಾತು ನೋಡು, ಯಾವ್ದೋ ನಂಬರು ನಂದು ಅಂತ ತಲೇಲಿ ಇಟ್ಕಂಡೀನಿ" ಎಂದಳು. ಆಮೇಲೆ ಜನರನ್ನು ಸರಿಸಿಕೊಂಡು ಅಕ್ಕನ ಹತ್ತಿರ ಹೋಗಿ, ಕಪ್ಪು ಬೆರಳುಗಳಿಂದ ಅವಳ ಗಲ್ಲ ಹಿಡಿದು ಮೇಲೆತ್ತಿದಳು. "ಯಾಕಳ್ತೀಯೆ ಹೊನ್ನೂರಿ? ಬೆಳೆದ ಮಗಳಿರೋ ಮನೆ, ನಿನಗೆ ಆದದ್ದೇ ಒಳ್ಳೇದಾತು. ಒಂದು ಮೂಲೆ ನನಗೂ ಕೊಡಂತೆ."

ನನ್ನ ಸುತ್ತ ನಿಂತಿದ್ದವರು ಆ ಹೊತ್ತಿಗೆ ನನ್ನ ನಿಯತ್ತಿನ ಬಗ್ಗೆಯೇ ಮಾತಾಡುತ್ತಿದ್ದರು.